ಊರಿನ ದೋಣಿಗೆ ಯಾವ ಬ್ಯಾಟರಿ?

ಹೊಟೇಲುಗಳ ಅಡಿಗೆಮನೆಯಲ್ಲಿ ಬೆವರು ಸುರಿಸುವ ತರುಣರಾಗಲಿ, 1982ರ ಮುಷ್ಕರದ ತರುವಾಯ ಒಂದೊಂದಾಗಿ ಮುಚ್ಚಿಹೋದ ಗಿರಣಿಗಳಲ್ಲಿ ದುಡಿದ ಹಿರಿಯರಾಗಲಿ, ಮುಂಬಯಿಯ ನಮ್ಮಲ್ಲಿ ಅನೇಕರ ಮನೆತನಗಳು ಇಂದಿಗೂ ಕಡಲನ್ನೇ ನಂಬಿಕೊಂಡಿವೆ. ಮಲ್ಪೆ, ಗಂಗೊಳ್ಳಿ, ಮರವಂತೆ, ಭಟ್ಕಳಗಳ ಕಡೆ ನಮ್ಮ ಅಣ್ಣನೋ ತಮ್ಮನೋ ಭಾವನೋ ನಾಡದೋಣಿ ಇಳಿಸುತ್ತಾನೆ. ಬಲೆಗೆ ಹಣ, ಇಂಜಿನಿನ ರಿಪೇರಿಗೆ ಹಣ ಎಂಬ ಹಳೆಯ ಕೋರಿಕೆಗಳ ಜೊತೆಗೆ ಈಗ ಹೊಸದೊಂದು ಸೇರಿದೆ: "ಬ್ಯಾಟರಿ ಹೋಯಿತು, ಏನಾದರೂ ಕಳುಹಿಸು."

ಈ ಕೋರಿಕೆಯನ್ನು ನಾವು ಲಘುವಾಗಿ ಎಣಿಸುತ್ತ ಬಂದಿದ್ದೇವೆ. ಅದು ದೊಡ್ಡ ತಪ್ಪು ಎಂದು ಹೇಳುವುದಕ್ಕಾಗಿಯೇ ಈ ನಾಲ್ಕು ಮಾತು.

ನಮ್ಮ ಮನೆಯದೇ ಅನುಭವ. ಸಂಬಳದಲ್ಲಿ ಉಳಿಸಿ ಊರಿನ ದೋಣಿಗೆ ವೈರ್‌ಲೆಸ್, ಜಿಪಿಎಸ್ ಎರಡನ್ನೂ ಕೊಡಿಸಿದೆವು. ಬ್ಯಾಟರಿಯ ಮಾತು ಬಂದಾಗ ಮಾತ್ರ ನಮ್ಮ ಕೈ ಹಿಂದೆ ಸರಿಯಿತು. ಅಂಗಡಿಯವನೊಬ್ಬನ ಮಾತು ನಂಬಿ, ಲಾರಿಯಿಂದ ಇಳಿಸಿದ ಹಳೆಯ ಬ್ಯಾಟರಿಯೊಂದನ್ನು ಅರ್ಧ ಬೆಲೆಗೆ ಹಾಕಿಸಿದೆವು. ಮೂರನೆಯ ತಿಂಗಳಲ್ಲಿ, ಮಳೆ ಹಿಡಿದ ಒಂದು ರಾತ್ರಿ, ವೈರ್‌ಲೆಸ್ಸೂ ಜಿಪಿಎಸ್ಸೂ ಒಟ್ಟಿಗೆ ಆರಿಹೋದವು. ಅಳಿವೆಯ ಬಾಗಿಲು ಎಲ್ಲಿದೆ ಎಂದು ಕಾಣದೆ ಐದು ಜನ ಬೆಳಗಿನವರೆಗೆ ಹೊರಗೆ ಅಲೆಗಳಲ್ಲೇ ನಿಲ್ಲಬೇಕಾಯಿತು. ಜೊತೆಯ ದೋಣಿಯವರು ಕೂಗಿ ಕರೆಯುತ್ತಲೇ ಇದ್ದರು. ಉತ್ತರಿಸುವ ಯಂತ್ರ ಸತ್ತಿತ್ತು. ದೇವರ ದಯೆ, ಎಲ್ಲರೂ ಮನೆ ಸೇರಿದರು. ಆದರೆ ಆ ರಾತ್ರಿ ದಡದಲ್ಲಿ ಕುಳಿತ ಹೆಂಗಸರ ಸಂಕಟಕ್ಕೆ ನಾವು ಉಳಿಸಿದ ಹಣ ಸಮನಾದೀತೇ?

"ಅಜ್ಜಂದಿರ ಕಾಲದಲ್ಲಿ ಇವೆಲ್ಲ ಎಲ್ಲಿದ್ದವು? ನಕ್ಷತ್ರ ನೋಡಿ ಬರುತ್ತಿರಲಿಲ್ಲವೇ?" ಎನ್ನುವವರಿದ್ದಾರೆ. ಅಜ್ಜಂದಿರ ಜಾಣ್ಮೆಗೆ ನಾವೂ ಕೈ ಮುಗಿಯುತ್ತೇವೆ. ಆದರೆ ಮಳೆಗಾಲದ ಮೋಡದಲ್ಲಿ ನಕ್ಷತ್ರ ಕಾಣುವುದಿಲ್ಲ. ಅಂದು ಎಷ್ಟು ಜನ ಮರಳಲಿಲ್ಲ ಎಂಬ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ಕೇರಳ, ತಮಿಳುನಾಡುಗಳ ಎಷ್ಟೋ ದೋಣಿಗಳು ಆಗಲೇ ದೂರ ಕಡಲಿನಲ್ಲಿದ್ದವು. ಎಚ್ಚರಿಕೆ ಅವರಿಗೆ ತಲುಪಲೇ ಇಲ್ಲ. ಸುದ್ದಿ ಮುಟ್ಟುವುದೇ ಜೀವ ಉಳಿಯುವ ದಾರಿ. ಆ ಸುದ್ದಿಗೆ ಉಸಿರು ಬ್ಯಾಟರಿ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮೊದಲು ಲೆಕ್ಕ ಹಾಕಬೇಕು. ಜಿಪಿಎಸ್ ಮತ್ತು ಮೀನು ತೋರಿಸುವ ಯಂತ್ರಕ್ಕೆ ಸೇರಿ ಸುಮಾರು 1 ಆಂಪಿಯರ್, ಕೇಳುತ್ತ ಕುಳಿತ ವೈರ್‌ಲೆಸ್ಸಿಗೆ ಅರ್ಧ, ಎಲ್‌ಇಡಿ ದೀಪಗಳಿಗೆ 1 ಎಂದಿಟ್ಟುಕೊಳ್ಳೋಣ. ಒಟ್ಟು ಎರಡೂವರೆ. ಹತ್ತು ಗಂಟೆ ಕಡಲಿನಲ್ಲಿದ್ದರೆ 25 ಆಂಪಿಯರ್-ಅವರ್ ಖರ್ಚು. ವೈರ್‌ಲೆಸ್ಸಿನಲ್ಲಿ ಮಾತನಾಡುವಾಗ ಮಾತ್ರ 5–6 ಆಂಪಿಯರ್ ಎಳೆಯುತ್ತದೆ. ಸೊರಗಿದ ಬ್ಯಾಟರಿ ಕೈಕೊಡುವುದು ಸರಿಯಾಗಿ ಆ ಗಳಿಗೆಯಲ್ಲಿಯೇ.

ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಬೇಗ ತೀರುತ್ತದೆ. ಆದ್ದರಿಂದ 25ರ ಖರ್ಚಿಗೆ 50 ಬೇಕು. ಹಳತಾಗುತ್ತ ಶಕ್ತಿ ಕುಂದುವುದರಿಂದ 60ರದನ್ನು ಕೊಳ್ಳುವುದು ಲೇಸು.

ಕಾರು, ಲಾರಿಗಳ ಬ್ಯಾಟರಿ ಏಕೆ ಸಲ್ಲದು? ಅಕ್ಕಿ ಮೂಟೆಯನ್ನು ಒಂದೇ ಏಟಿಗೆ ಎತ್ತಿ ಅಟ್ಟಕ್ಕೆ ಹಾಕುವ ಆಳು ಬೇರೆ, ಬೆಳಗಿನಿಂದ ರಾತ್ರಿಯವರೆಗೆ ದೋಸೆಯ ಕಾವಲಿಯ ಮುಂದೆ ನಿಲ್ಲುವ ಆಳು ಬೇರೆ. ಇಂಜಿನು ಚಾಲೂ ಮಾಡುವ ಬ್ಯಾಟರಿಯ ತಗಡುಗಳು ತೆಳು. ಕೆಲವು ಕ್ಷಣ ಭಾರಿ ಶಕ್ತಿ ಕೊಡುವುದಷ್ಟೇ ಅದರ ಕಸುಬು. ದಿನವೂ ಬರಿದಾಗಿ ತುಂಬುವ ಕೆಲಸಕ್ಕೆ ದಪ್ಪ ತಗಡಿನ 'ಡೀಪ್ ಸೈಕಲ್' ಬ್ಯಾಟರಿಯೇ ಬೇಕು. ಮನೆಯ ಇನ್ವರ್ಟರಿನ ದೊಡ್ಡ ಬ್ಯಾಟರಿಯನ್ನು ದೋಣಿಗೆ ಹೊರುವುದೂ ಸಲ್ಲ. ಭಾರ ಒಂದು ಕಡೆ. ದೋಣಿ ಹೊಯ್ದಾಡಿದರೆ ಆಸಿಡ್ ಚೆಲ್ಲುತ್ತದೆ, ಆಸಿಡ್ಡಿಗೆ ಉಪ್ಪುನೀರು ಸೇರಿದರೆ ಕ್ಲೋರಿನ್ ಎಂಬ ವಿಷವಾಯು ಏಳಬಹುದು. ಆಸಿಡ್ ಚೆಲ್ಲದ, ಮುಚ್ಚಿದ 'ಎಜಿಎಂ' ಬಗೆಯದೇ ತಕ್ಕದ್ದು.

ಈಗ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗಳು ಬಂದಿವೆ. ನೂರರಲ್ಲಿ ಎಂಬತ್ತು ಪಾಲು ಧೈರ್ಯವಾಗಿ ಬಳಸಬಹುದಾದ್ದರಿಂದ ಮೇಲಿನ ಲೆಕ್ಕಕ್ಕೆ 40ರದು ಸಾಕು. ತೂಕ ಸುಮಾರು 5 ಕಿಲೋ. ಸೀಸದ್ದು 15ಕ್ಕೂ ಮೇಲೆ. ಒಳ್ಳೆಯದನ್ನು ಎರಡು ಸಾವಿರ ಬಾರಿಗೂ ಹೆಚ್ಚು ತುಂಬಿ ಬಳಸಬಹುದು. ಸೀಸದ್ದು ಕೆಲವು ನೂರು ಬಾರಿಗೆ ದಣಿಯುತ್ತದೆ. ಕೊಳ್ಳುವಾಗ ಬೆಲೆ ಹೆಚ್ಚು, ವರ್ಷಗಳ ಲೆಕ್ಕದಲ್ಲಿ ಅಗ್ಗ. ಆದರೆ ಎಚ್ಚರ: ರಕ್ಷಣಾ ಸರ್ಕಿಟ್ ಇಲ್ಲದೆ, ಹಳೆಯ ಸ್ಕೂಟರುಗಳ ಸೆಲ್‌ಗಳನ್ನು ಪೋಣಿಸಿ ಮಾರುವ ಪೆಟ್ಟಿಗೆ ಬ್ಯಾಟರಿಯಲ್ಲ, ಬೆಂಕಿಯ ಕೊಳ್ಳಿ. ಲಿಥಿಯಂಗೆ ಅದರದೇ ಚಾರ್ಜರ್ ಬೇಕು.

ನಮ್ಮ ಅಭಿಪ್ರಾಯ ಇಷ್ಟು. ದಿನವೂ ಕಡಲಿಗಿಳಿಯುವ ದೋಣಿಗೆ, ಮನೆಯ ನಾಲ್ಕು ಜನ ಸೇರಿ ಹಣ ಕೂಡಿಸಲು ಸಾಧ್ಯವಿದ್ದರೆ, ಲಿಥಿಯಂ ಫಾಸ್ಫೇಟ್. ಇಲ್ಲವಾದರೆ ಹೊಸ ಎಜಿಎಂ ಡೀಪ್ ಸೈಕಲ್. ಹಳೆಯದನ್ನು ಮಾತ್ರ ಯಾವ ಕಾಲಕ್ಕೂ ಕೊಳ್ಳಬಾರದು.

ಕೊಂಡ ಮೇಲೆ ಜೋಪಾನವೂ ಬೇಕು. ಇಂಜಿನಿನ ಬ್ಯಾಟರಿ ಬೇರೆ, ಯಂತ್ರಗಳದು ಬೇರೆ ಇರಲಿ. ಧನ ತುದಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ತುದಿಗಳಿಗೆ ವ್ಯಾಸಲೀನ್ ಹಚ್ಚಿ, ನೀರು ಸಿಡಿಯದ ಪೆಟ್ಟಿಗೆಯಲ್ಲಿಟ್ಟು ಬಿಗಿಯಾಗಿ ಕಟ್ಟಬೇಕು. ಸೀಸದ ಬ್ಯಾಟರಿ ಚಾರ್ಜು ಮುಗಿದು ಕೆಲವು ಗಂಟೆ ಸುಮ್ಮನಿದ್ದಾಗ ಮೀಟರು ಸುಮಾರು 12.7 ವೋಲ್ಟ್ ತೋರಿಸಬೇಕು, 12.2 ಎಂದರೆ ಅರ್ಧ ಬರಿದಾಯಿತೆಂದು ತಿಳಿಯಬೇಕು. ದೋಣಿ ದಡದಲ್ಲೇ ಕೂರುವ ತಿಂಗಳುಗಳಲ್ಲಿ ಸೀಸದ್ದನ್ನು ಪೂರ್ಣ ತುಂಬಿ, ತಿಂಗಳಿಗೊಮ್ಮೆ ಮತ್ತೆ ತುಂಬಬೇಕು. ಲಿಥಿಯಂ ಅರ್ಧ ತುಂಬಿದ್ದರೆ ಸಾಕು.

ಇದು ಒಂದು ಮನೆಯ ಹೊರೆಯಾಗಿಯೇ ಉಳಿಯಬಾರದು. ಮೀನುಗಾರರ ಸಹಕಾರ ಸಂಘಗಳು ಬ್ಯಾಟರಿಗಳನ್ನು ಒಟ್ಟಿಗೆ ಕೊಂಡರೆ ಬೆಲೆ ಇಳಿದೀತು. ಬಂದರಿನಲ್ಲೊಂದು ಚಾರ್ಜಿನ ಕೋಣೆ ನಡೆಸಿದರೆ ಎಲ್ಲರಿಗೂ ಅನುಕೂಲ. ಸರಕಾರ ಯಂತ್ರಗಳಿಗೆ ನೆರವು ನೀಡುವಾಗ ಬ್ಯಾಟರಿಯನ್ನೂ ಯಂತ್ರದ ಅಂಗವೆಂದೇ ಎಣಿಸಬೇಕು. ಬಳಕೆಯ ವಿವರ ಕನ್ನಡದಲ್ಲಿ ಇರಬೇಕು. ಓದಲಾಗದ ಎಚ್ಚರಿಕೆ ಎಚ್ಚರಿಕೆಯಲ್ಲ.

ಬಂಧುಗಳೇ, ಮುಂದಿನ ಸಲ ಊರಿಗೆ ಹಣ ಕಳುಹಿಸುವಾಗ ಮೂರು ಮಾತು ಕೇಳಿರಿ: ಬ್ಯಾಟರಿ ಯಾವ ಬಗೆಯದು? ಎಷ್ಟು ಹಳೆಯದು? ಫ್ಯೂಸ್ ಇದೆಯೇ? ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಯನ್ನು ತಮ್ಮನಿಗೆ ಬಾಯಿಪಾಠ ಮಾಡಿಸಿರಿ. ವೈರ್‌ಲೆಸ್ಸಿನ 16ನೆಯ ಚಾನೆಲನ್ನು ನೆನಪಿಸಿರಿ. ಆ ಕರೆ ಹೊರಡುವುದಕ್ಕೂ ಬ್ಯಾಟರಿಯಲ್ಲಿ ಜೀವ ಇರಬೇಕಷ್ಟೆ. ನಾವು ಇಲ್ಲಿ ಒಲೆಯ ಮುಂದೆ ಬೇಯುವುದು ಅವರು ಅಲ್ಲಿ ಕ್ಷೇಮವಾಗಿ ದಡ ಸೇರಲೆಂದೇ ಅಲ್ಲವೇ?