ನಕುಸಾ, ಸಾಕವ್ವ, ತಿಪ್ಪಣ್ಣ

2011ರಲ್ಲಿ ಸಾತಾರಾದಲ್ಲಿ 'ನಕುಸಾ', ಅಂದರೆ ಬೇಡವಾದವಳು, ಎಂಬ ಹೆಸರಿದ್ದ 285 ಹುಡುಗಿಯರು ಸಮಾರಂಭದಲ್ಲಿ ಹೊಸ ಹೆಸರು ಪಡೆದರು. ಇಂಥ ಹೆಸರನ್ನೇ ಸರಕಾರ ನಿಷೇಧಿಸಬೇಕೆ? ಬೇಡ ಎನ್ನುತ್ತೇವೆ ನಾವು. ನಮ್ಮ ಅಕ್ಕಲಕೋಟ, ಸೊಲ್ಲಾಪುರ ಕಡೆ ಹೆಣ್ಣು ಸಾಕೆಂದು ಸಾಕವ್ವ ಎಂದವರಿದ್ದಾರೆ. ಕೂಸು ಉಳಿಯಲೆಂದು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ ಎಂದವರೂ ಇದ್ದಾರೆ. ಒಂದು ಬೇಸರ, ಇನ್ನೊಂದು ಮಮತೆ. ಕನ್ನಡ ಬಾರದ ಕಾರಕೂನನಿಗೆ ಈ ಭೇದ ಹೇಗೆ ತಿಳಿಯಬೇಕು?

2024ರ ಮೇ 1ರಿಂದ ಈಚೆಗೆ ಹುಟ್ಟಿದವರ ದಾಖಲೆಯಲ್ಲಿ ತಂದೆಗಿಂತ ಮೊದಲು ತಾಯಿಯ ಹೆಸರು ಬರಬೇಕೆಂದು 2024ರಲ್ಲಿ ರಾಜ್ಯ ಸರಕಾರ ಠರಾಯಿಸಿತು. ಇದು ಒಪ್ಪುವ ಮಾತು. ಇಟ್ಟ ಹೆಸರನ್ನು ಮುಟ್ಟಲಿಲ್ಲ, ತಾಯಿಗೂ ಜಾಗ ಸಿಕ್ಕಿತು. ಸಾಕವ್ವನಿಗೂ ನಿಷೇಧ ಬೇಕಿಲ್ಲ. ಅವಳೇ ಬೇರೆ ಹೆಸರು ಬೇಡಿದರೆ ಅಫಿಡವಿಟ್, ಗ್ಯಾಜೆಟ್ ಎಂದು ಅಲೆಸದೆ ಶಾಲೆಯ ರಜಿಸ್ಟರಿನಲ್ಲೇ ತಿದ್ದಿಕೊಡಲಿ.