ಗೆಳೆತನಕ್ಕೆ ನಾಲ್ಕು ವರ್ಷ ಹತ್ತು ತಿಂಗಳು

2021ರ ಸೆಪ್ಟೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಕೊರಿಯನ್ ಸರಣಿ ‘ಸ್ಕ್ವಿಡ್ ಗೇಮ್’ ನೋಡಿದವರಿಗೆ ಅಲಿ ಅಬ್ದುಲ್ ನೆನಪಿರುತ್ತಾನೆ. ಕಾರ್ಖಾನೆಯಲ್ಲಿ ತಿಂಗಳುಗಟ್ಟಲೆ ಸಂಬಳ ಸಿಗದ ಪಾಕಿಸ್ತಾನಿ ಕಾರ್ಮಿಕನ ಪಾತ್ರ ಅದು. ಅದನ್ನು ಮಾಡಿದವರು ದೆಹಲಿಯ ಅನುಪಮ್ ತ್ರಿಪಾಠಿ. 2010ರಲ್ಲಿ ವಿದ್ಯಾರ್ಥಿವೇತನ ಪಡೆದು ಅಭಿನಯ ಕಲಿಯಲು ಸೋಲ್‌ಗೆ ಹೋದವರು. ಅಲಿ ಎದುರಿಗೆ ಸಿಕ್ಕ ಕೊರಿಯನ್ ಗಂಡಸರನ್ನು ‘ಸಾಜಾಂಗ್‌ನಿಮ್’ ಎಂದು ಕರೆಯುತ್ತಾನೆ. ಧಣಿಗಳೇ, ಯಜಮಾನರೇ ಎಂದ ಹಾಗೆ. ಒಂದು ಹಂತದಲ್ಲಿ ಸಾಂಗ್‌ವೂ ಎಂಬ ವಿದ್ಯಾವಂತ ಕೊರಿಯನ್ ಅವನಿಗೆ ‘ಸಾಜಾಂಗ್‌ನಿಮ್ ಬೇಡ, ಹ್ಯೊಂಗ್ ಅನ್ನು’ ಎನ್ನುತ್ತಾನೆ. ಹ್ಯೊಂಗ್ ಎಂದರೆ ಅಣ್ಣ. ಆರನೆಯ ಕಂತಿನ, ಸೋತವರು ಸಾಯಲೇಬೇಕಾದ ಗೋಲಿಯಾಟದಲ್ಲಿ ಆ ಅಣ್ಣನೇ ಅಲಿಯ ಚೀಲಕ್ಕೆ ಗೋಲಿಯ ಬದಲು ಕಲ್ಲು ತುಂಬಿ, ಅವನನ್ನು ಸಾವಿನ ಬಾಯಿಗೆ ಬಿಟ್ಟು ಹೋಗುತ್ತಾನೆ. ಅವನನ್ನು ಹುಡುಕುತ್ತ ಅಲಿ ಕೂಗುವುದೂ ಅದೇ ಪದವನ್ನು.

ಇಂಗ್ಲಿಷ್ ಅಡಿಬರಹ ಓದಿಕೊಂಡು ನೋಡಿದವರಿಗೆ ಇಲ್ಲಿ ಮುರಿದದ್ದು ಏನೆಂಬುದು ಅರ್ಧವೇ ದಾಟುತ್ತದೆ. ಇಂಗ್ಲಿಷಿನಲ್ಲಿ ‘ಬ್ರದರ್’ ಉಂಟು, ಅಣ್ಣ ಇಲ್ಲ. ಅಣ್ಣ ಅನ್ನಿಸಿಕೊಂಡವನ ಹೆಗಲ ಮೇಲೆ ಏನೇನು ಬಂದು ಕೂರುತ್ತದೆ ಎಂಬುದನ್ನು ಕನ್ನಡದ ಕಿವಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊರಿಯಾದಲ್ಲಿ ನೆಲೆಸಿದ ಹೊರನಾಡಿಗರು ಮತ್ತು ಅಲ್ಲಿನವರ ನಡುವಿನ ಸ್ನೇಹದ ಬಗ್ಗೆ ಬರುವ ಬಹುಪಾಲು ಮಾತುಗಳು ‘ಸಂಸ್ಕೃತಿಯ ಅಂತರ’ ಎಂಬ ಗೂಟದ ಸುತ್ತಲೇ ತಿರುಗುತ್ತವೆ. ಕೊರಿಯನ್ನರು ಮುಚ್ಚಿಕೊಂಡ ಜನ, ತಮ್ಮವರನ್ನು ಬಿಟ್ಟು ಬೇರೆಯವರನ್ನು ಒಳಗೆ ಸೇರಿಸುವುದಿಲ್ಲ ಎನ್ನುವುದು ಒಂದು ಕಡೆಯ ದೂರು. ಹೊರಗಿನವರು ನಮ್ಮ ರೀತಿ ಕಲಿಯುವುದೇ ಇಲ್ಲ ಎನ್ನುವುದು ಇನ್ನೊಂದು ಕಡೆಯದು. ನನಗೆ ಕಾಣುವುದು ಬೇರೆ. ಗೋಡೆ ಇರುವುದು ನಿಜ, ಅದಕ್ಕೊಂದು ಬಾಗಿಲೂ ಇದೆ. ಆ ಬಾಗಿಲು ತೆರೆಯುವ ತನಕ ಹೊರಗಿನವನನ್ನು ಅಲ್ಲಿ ನಿಲ್ಲಗೊಡದೆ ಇರುವುದು ವೀಸಾ.

ಬಾಗಿಲಿನ ವಿಚಾರ ಮೊದಲು ನೋಡೋಣ. ಕೊರಿಯನ್ ಭಾಷೆಯಲ್ಲಿ ಗೆಳೆಯನಿಗೆ ‘ಛಿಂಗು’ ಎನ್ನುತ್ತಾರೆ ಎಂದು ಹೇಳಿ ನಿಘಂಟು ಸುಮ್ಮನಾಗುತ್ತದೆ. ಬಳಕೆಯಲ್ಲಿ ಛಿಂಗು ಎಂದರೆ ಓರಗೆಯವನು, ಅದೇ ಇಸವಿಯಲ್ಲಿ ಹುಟ್ಟಿದವನು. ಒಂದು ವರ್ಷ ದೊಡ್ಡವನಾದರೆ, ಎಷ್ಟೇ ಆಪ್ತನಾದರೂ, ಗಂಡುಹುಡುಗರಿಗೆ ಅವನು ಹ್ಯೊಂಗ್, ಹುಡುಗಿಯರಿಗೆ ಒಪ್ಪಾ. ಶಾಲೆಯಲ್ಲಿ, ಕಚೇರಿಯಲ್ಲಿ ಮುಂಚೆ ಸೇರಿದವರು ಸೊನ್ಬೆ, ಆಮೇಲೆ ಬಂದವರು ಹೂಬೆ. ಆದ್ದರಿಂದಲೇ ಪರಿಚಯವಾಗಿ ಐದು ನಿಮಿಷವಾಗುವಷ್ಟರಲ್ಲಿ ಹುಟ್ಟಿದ ಇಸವಿ ಕೇಳುತ್ತಾರೆ. ಕೆನಡಾದಿಂದ ಬಂದವನಿಗೆ ಇದು ಅಧಿಕಪ್ರಸಂಗ. ಕೇಳಿದವನಿಗೆ, ಮುಂದಿನ ವಾಕ್ಯವನ್ನು ಹೇಗೆ ಮುಗಿಸಬೇಕು ಎಂಬ ವ್ಯಾಕರಣದ ಪ್ರಶ್ನೆ. ಹುಟ್ಟಿದ ಕೂಸಿಗೇ ಒಂದು ವರ್ಷ ಎಂದು ಎಣಿಸಿ, ಹೊಸ ವರ್ಷದ ದಿನ ಎಲ್ಲರಿಗೂ ಒಂದೊಂದು ಕೂಡಿಸುವ ಹಳೆಯ ಲೆಕ್ಕವನ್ನು ಸರ್ಕಾರ 2023ರ ಜೂನ್ 28ರಿಂದ ಕಡತಗಳಿಂದ ಕೈಬಿಟ್ಟಿತು. ರಾತ್ರಿ ಬೆಳಗಾಗುವುದರೊಳಗೆ ಇಡೀ ದೇಶ ಒಂದೆರಡು ವರ್ಷ ಕಿರಿದಾಯಿತು. ಓರಗೆಯ ಲೆಕ್ಕ ಮಾತ್ರ ಈಗಲೂ ಹುಟ್ಟಿದ ಇಸವಿಗೇ ಅಂಟಿಕೊಂಡಿದೆ.

ಅದರ ಬೆನ್ನಿಗೆ ಬರುವುದು ಮಾತಿನ ಮಟ್ಟ. ‘ಜೊಂದೆನ್‌ಮಾಲ್’ ಮರ್ಯಾದೆಯ ಮಾತು, ‘ಬಾನ್‌ಮಾಲ್’ ಸಲುಗೆಯ ಮಾತು. ಅಲ್ಲಿ ಮುಖ್ಯವಾಗಿ ಬದಲಾಗುವುದು ಕ್ರಿಯಾಪದದ ಬಾಲ, ವಚನವಲ್ಲ. ಆದರೂ ‘ಅವನು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ’ ಎಂದು ನಾವು ಸಿಟ್ಟಾಗುತ್ತೇವಲ್ಲ, ಆಗ ಚುಚ್ಚುವ ಜಾಗವೇ ಅಲ್ಲೂ ಚುಚ್ಚುತ್ತದೆ. ಇಬ್ಬರು ಹತ್ತಿರವಾದರೆ ಹಿರಿಯರಾದವರು ‘ಮಾತನ್ನು ಕೆಳಗಿಡೋಣ’ ಎಂಬರ್ಥದ ಒಂದು ಮಾತು ಹೇಳಿ ಸಲುಗೆಗೆ ಒಪ್ಪಿಗೆ ಕೊಡುತ್ತಾರೆ. ಸ್ನೇಹಕ್ಕೆ ಇಷ್ಟು ಕಣ್ಣಿಗೆ ಕಾಣುವ ಹೊಸ್ತಿಲು ನಮ್ಮಲ್ಲಿಲ್ಲ. ‘ನೀವು’ ಯಾವತ್ತು ‘ನೀನು’ ಆಯಿತು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಲೆ ಕೆರೆದುಕೊಂಡಾರು.

ಈ ಹೊಸ್ತಿಲಿನ ಹೊರಗೇ ಉಳಿದುಬಿಡುವವರು ಇಂಗ್ಲಿಷ್ ಕಲಿಸಲು ಬರುವವರು. ಅಮೆರಿಕ, ಬ್ರಿಟನ್, ಐರ್ಲೆಂಡ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ: ಇ–2 ವೀಸಾ ಬಹುಮಟ್ಟಿಗೆ ಈ ಏಳು ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ. ಹಾಗ್ವೊನ್ ಎಂಬ ಖಾಸಗಿ ಪಾಠಶಾಲೆಗಳಲ್ಲಿ ಸಾಮಾನ್ಯವಾಗಿ ಒಂದು ವರ್ಷದ ಕರಾರು. ಅವರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುವ ಎರಡು ದೂರುಗಳಿವೆ. ‘ಒಮ್ಮೆ ಊಟ ಮಾಡೋಣ’ ಎಂದವರು ಆಮೇಲೆ ಕರೆಯಲೇ ಇಲ್ಲ ಎನ್ನುವುದು ಒಂದು. ‘ಒಂದ್ಸಲ ಮನೆ ಕಡೆ ಬನ್ನಿ’ ಎಂದು ದಿನಕ್ಕೆ ನಾಲ್ಕು ಜನರಿಗೆ ಹೇಳುವ ನಮಗೆ ಇದರಲ್ಲಿ ದೂರುವಂಥದ್ದೇನೂ ಕಾಣುವುದಿಲ್ಲ. ಎರಡನೆಯದು ಗಂಭೀರ: ತಮ್ಮ ಜೊತೆ ಸ್ನೇಹ ಬೆಳೆಸುವುದು ಇಂಗ್ಲಿಷ್ ರೂಢಿ ಮಾಡಿಕೊಳ್ಳುವುದಕ್ಕಷ್ಟೆ ಎಂಬ ಅನುಮಾನ. ಅದರಲ್ಲಿ ಸತ್ಯ ಇಲ್ಲದಿಲ್ಲ. ಆದರೆ ಇಂಗ್ಲಿಷ್ ಅಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಬೆಳಗಿನಿಂದ ಸಂಜೆಯವರೆಗೆ ಹಿರಿಯ ಕಿರಿಯ ನೋಡಿ ನೋಡಿ ವಾಕ್ಯ ಮುಗಿಸಿದವನಿಗೆ, ಎಲ್ಲರನ್ನೂ ‘ಯೂ’ ಎಂಬ ಒಂದೇ ಪದದಲ್ಲಿ ಕೂರಿಸುವ ಭಾಷೆ ಬಿಡುವು ಕೊಡುತ್ತದೆ. ವಿದೇಶಿ ಗೆಳೆಯನ ಎದುರು ಸೊನ್ಬೆಯೂ ಇಲ್ಲ, ಹೂಬೆಯೂ ಇಲ್ಲ. ಹಗುರ ಅನ್ನಿಸುವುದು ಸಹಜ. ತೊಂದರೆ ಎಂದರೆ, ಯಾರಿಗೂ ರಜೆ ವರ್ಷವಿಡೀ ಇರುವುದಿಲ್ಲ. ಮದುವೆ, ಸಾವು, ಸಾಲದಂಥ ಹೊತ್ತಿನಲ್ಲಿ ಕೊರಿಯನ್ನರು ತಿರುಗುವುದು ಶಾಲೆಯ ಓರಗೆಯವರ ಕಡೆಗೆ, ಕಡ್ಡಾಯ ಸೈನಿಕ ಸೇವೆಯಲ್ಲಿ ಜೊತೆಗಿದ್ದವರ ಕಡೆಗೆ.

ಕನ್ನಡಿಗರಿಗೆ ಈ ಲೆಕ್ಕ ಕಷ್ಟವಲ್ಲ. ಬೆಂಗಳೂರಿನ ಸ್ಯಾಮ್‌ಸಂಗ್ ಸಂಶೋಧನಾ ಕೇಂದ್ರದಿಂದ ಸುವಾನ್ ನಗರಕ್ಕೆ ಹೋಗಿಬರುವ ಎಂಜಿನಿಯರ್‌ಗಳಿಗೆ ಹಿರಿಯರ ಮುಂದೆ ತಗ್ಗಿ ನಡೆಯುವುದನ್ನಾಗಲಿ, ‘ಊಟ ಆಯ್ತಾ’ ಎಂದು ಕೇಳಿ ಮಾತು ತೆಗೆಯುವುದನ್ನಾಗಲಿ ಯಾರೂ ಕಲಿಸಬೇಕಿಲ್ಲ. ಅಲ್ಲಿಯೂ ‘ಅನ್ನ ಉಂಡೆಯಾ’ ಎನ್ನುವುದೇ ಕ್ಷೇಮ ಸಮಾಚಾರ. ಮಕ್ಕಳು ತಂದೆಯನ್ನು ಕರೆಯುವುದು ‘ಅಪ್ಪಾ’, ತಾಯಿಯನ್ನು ‘ಒಮ್ಮಾ’. ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ನರು ಈ ಹೋಲಿಕೆಗಳಿಗೆ ಮಾರುಹೋಗಿ, 1905ರ ಸುಮಾರಿಗೆ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಬರೆದರು. ಇವು ಒಂದೇ ಕುಲದ ಭಾಷೆಗಳೆಂದು ಇಂದಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ, ಬಿಡಿ. ನಮ್ಮವರು ಎಡವುವುದು ಊಟದ ಮೇಜಿನಲ್ಲಿ. ಕಚೇರಿಯ ಸ್ನೇಹ ಹುರಿಗೊಳ್ಳುವುದು ‘ಹ್ವೆಶಿಕ್’ ಎಂಬ ಸಂಜೆಯ ಕೂಟದಲ್ಲಿ: ಕೆಂಡದ ಮೇಲೆ ಮಾಂಸ, ಲೋಟದಲ್ಲಿ ಸೋಜು, ಒಂದು ಅಂಗಡಿ ಮುಗಿಸಿ ಎರಡನೆಯದಕ್ಕೆ ಪಯಣ. ಸಾಮಾನ್ಯವಾಗಿ ಕಿಮ್ಚಿಗೂ ಮೀನಿನ ರಸವೋ ಸಿಗಡಿಯೋ ಬಿದ್ದಿರುತ್ತದೆ. ಮಾಂಸವೂ ಬೇಡ, ಮದ್ಯವೂ ಬೇಡ ಎನ್ನುವವನು ಆ ಮೇಜಿನಲ್ಲಿ ಬರಿಯ ಅನ್ನ, ಲೆಟಿಸ್ ಎಲೆ ಹಿಡಿದು ಕುಳಿತಿರುತ್ತಾನೆ. ಅವನ ತಟ್ಟೆ ನೋಡಿ ಕರೆದವರಿಗೇ ಸಂಕೋಚ. ಇದು ನಿಜವಾದ ಸಂಸ್ಕೃತಿಯ ಅಂತರ. ಆದರೆ ಒಬ್ಬರಿಗೊಬ್ಬರು ಒಗ್ಗಿಕೊಳ್ಳಲು ನಾಲ್ಕಾರು ಸಂಜೆ ಸಿಕ್ಕರೆ ಇದು ತಾನಾಗಿ ಸವೆಯುತ್ತದೆ. ಮುಂದಿನ ಸಲ ಯಾರೋ ಒಬ್ಬರು ಮೊದಲೇ ಫೋನ್ ಮಾಡಿ ಮಾಂಸ ಹಾಕದ ಬಿಬಿಂಬಾಪ್ ಹೇಳಿಟ್ಟಿರುತ್ತಾರೆ.

ಆ ನಾಲ್ಕಾರು ಸಂಜೆಗಳೇ ಎಲ್ಲರಿಗೂ ಸಿಗುವುದಿಲ್ಲ. ಕೊರಿಯಾದಲ್ಲಿರುವ ವಿದೇಶಿಯರ ಸಂಖ್ಯೆ 2024ರ ಹೊತ್ತಿಗೆ 26 ಲಕ್ಷ ದಾಟಿತು. ಅದು ಜನಸಂಖ್ಯೆಯ ಶೇ 5ರಷ್ಟು. ಕಾರ್ಖಾನೆ, ಹಂದಿ ಫಾರಂ, ಪ್ಲಾಸ್ಟಿಕ್ ಹಸಿರುಮನೆ, ಮೀನುದೋಣಿಗಳಲ್ಲಿ ದುಡಿಯುವ ದೊಡ್ಡದೊಂದು ಪಾಲು ಬಂದಿರುವುದು 2004ರ ಆಗಸ್ಟ್‌ನಲ್ಲಿ ಶುರುವಾದ ‘ಉದ್ಯೋಗ ಪರವಾನಗಿ ವ್ಯವಸ್ಥೆ’ಯಡಿ, ಇ–9 ವೀಸಾದ ಮೇಲೆ. ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ, ಪಾಕಿಸ್ತಾನ ಆ ಪಟ್ಟಿಯಲ್ಲಿವೆ, ಭಾರತ ಇಲ್ಲ. ಹೀಗಾಗಿ ಕೊರಿಯಾದ ಈ ಮುಖ ನಮ್ಮ ಎಂಜಿನಿಯರ್‌ಗಳ ಮಾತಿನಲ್ಲಿ ಅಷ್ಟಾಗಿ ಬರುವುದಿಲ್ಲ. ಈ ವೀಸಾದಲ್ಲಿ ಒಂದು ಸಲಕ್ಕೆ ಇರಬಹುದಾದ ಗರಿಷ್ಠ ಅವಧಿ ನಾಲ್ಕು ವರ್ಷ ಹತ್ತು ತಿಂಗಳು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಪೌರತ್ವಕ್ಕೆ ಅರ್ಜಿ ಹಾಕಲು ಸತತ ಐದು ವರ್ಷ ವಾಸ ಇರಬೇಕು. ಎರಡು ತಿಂಗಳು ಮೊದಲೇ ಗೇಟು ಬೀಳುತ್ತದೆ. ದೇಶ ಬಿಟ್ಟು ಹೋಗಿ ಮತ್ತೆ ಬರಲು ಅವಕಾಶವಿದೆ, ಲೆಕ್ಕ ಮಾತ್ರ ಮತ್ತೆ ಒಂದರಿಂದ. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಮೊದಲ ಮೂರು ವರ್ಷದಲ್ಲಿ ಮೂರು ಸಲಕ್ಕಿಂತ ಹೆಚ್ಚು ಕೆಲಸದ ಜಾಗ ಬದಲಿಸುವಂತಿಲ್ಲ, ಅದಕ್ಕೂ ಮಾಲೀಕರ ಒಪ್ಪಿಗೆಯೋ ಕಾನೂನು ಒಪ್ಪುವ ಕಾರಣವೋ ಬೇಕು. ಈ ಕಟ್ಟುಪಾಡನ್ನು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿಯಿತು.

ಇಂಥ ಕಡೆ ಸ್ನೇಹ ಹೇಗೆ ಮೊಳೆಯಬೇಕು? ನನ್ನ ವೀಸಾ ಯಾರ ಸಹಿಯಲ್ಲಿದೆಯೋ ಅವರನ್ನು ನಾನು ಹ್ಯೊಂಗ್ ಎಂದರೂ ಒಳಗೊಳಗೆ ಅದು ಸಾಜಾಂಗ್‌ನಿಮ್ಮೇ. ಮೇಸ್ತ್ರಿಗಳು ಈ ಕಾರ್ಮಿಕರ ಜೊತೆ ಮೊದಲ ದಿನದಿಂದಲೇ ಬಾನ್‌ಮಾಲ್ ಆಡುವುದು ಸಾಮಾನ್ಯ. ಸ್ನೇಹಿತರು ತಿಂಗಳುಗಟ್ಟಲೆ ಕಾದು ದಾಟುವ ಹೊಸ್ತಿಲನ್ನು ಇಲ್ಲಿ ಒಂದೇ ಕಡೆಯವರು, ಚಪ್ಪಲಿ ಕಾಲಲ್ಲೇ ದಾಟಿರುತ್ತಾರೆ. 2004ರ ಆಸುಪಾಸಿನಲ್ಲಿ ಕೆಬಿಎಸ್ ವಾಹಿನಿಯ ಹಾಸ್ಯ ಕಾರ್ಯಕ್ರಮವೊಂದರಲ್ಲಿ ಕೊರಿಯನ್ ನಟರೊಬ್ಬರು ಬ್ಲಾಂಕಾ ಎಂಬ ಶ್ರೀಲಂಕಾದ ಕಾರ್ಮಿಕನ ಪಾತ್ರ ಮಾಡುತ್ತಿದ್ದರು. ‘ಧಣಿಗಳು ಕೆಟ್ಟವರು’ ಎಂಬ ಅವನ ತೊದಲು ಮಾತು ಮನೆಮಾತಾಯಿತು. ಜನ ನಕ್ಕರು, ಅಯ್ಯೋ ಎಂದೂ ಅಂದರು. ಆದರೆ ಕನಿಕರ ಮೇಲಿನಿಂದ ಕೆಳಕ್ಕೆ ಹರಿಯುವಂಥದ್ದು.

ಮೇಲು ಕೆಳಗು ಬಿಟ್ಟು ಪಕ್ಕದಲ್ಲಿ ನಿಂತವರೂ ಇದ್ದಾರೆ. 2009ರ ಜುಲೈನಲ್ಲಿ ಬುಚ್ಯೊನ್ ನಗರದ ಬಸ್ಸೊಂದರಲ್ಲಿ, ಸೋಲ್‌ನ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನಾ ಪ್ರಾಧ್ಯಾಪಕರಾಗಿದ್ದ ಭಾರತೀಯರೊಬ್ಬರನ್ನು ಸಹಪ್ರಯಾಣಿಕನೊಬ್ಬ ಕೊಳಕ, ನಾತ ಎಂದು ಬೈದ. ಜೊತೆಗಿದ್ದ ಕೊರಿಯನ್ ಸ್ನೇಹಿತೆಯನ್ನೂ ಹೀನಾಯವಾಗಿ ಮಾತಾಡಿಸಿದ. ಠಾಣೆಗೆ ಹೋದರೆ, ಈತ ಪ್ರಾಧ್ಯಾಪಕರೆಂಬುದನ್ನೇ ಪೊಲೀಸರು ನಂಬಲಿಲ್ಲ. ಇಬ್ಬರೂ ಪಟ್ಟು ಬಿಡಲಿಲ್ಲ. ಆ ವರ್ಷದ ಕೊನೆಯಲ್ಲಿ ನ್ಯಾಯಾಲಯ ಬೈದವನಿಗೆ ಹತ್ತು ಲಕ್ಷ ವೋನ್ ದಂಡ ವಿಧಿಸಿತು. ಜನಾಂಗೀಯ ನಿಂದನೆಗೆ ಅಲ್ಲಿ ಶಿಕ್ಷೆಯಾದದ್ದು ಅದೇ ಮೊದಲು ಎನ್ನುತ್ತಾರೆ. ಜನಾಂಗೀಯ ನಿಂದನೆಗೆಂದೇ ಕಾನೂನು ಇರಲಿಲ್ಲ. ಸಾಮಾನ್ಯ ಅವಮಾನದ ಕಲಮು ಹುಡುಕಿ ಹಚ್ಚಬೇಕಾಯಿತು. ತಾರತಮ್ಯ ನಿಷೇಧದ ಸಮಗ್ರ ಮಸೂದೆ 2007ರಿಂದ ಹಲವು ಸಲ ಮೇಲೆದ್ದು ಮತ್ತೆ ಮಲಗಿದೆ. ಆ ಸ್ನೇಹಿತೆ ಸುಮ್ಮನೆ ಮುಂದಿನ ಸ್ಟಾಪಿನಲ್ಲಿ ಇಳಿದು ಹೋಗಬಹುದಿತ್ತು ಎನ್ನುವುದನ್ನು ಮರೆಯಬಾರದು.

ದೆಗು ನಗರದ ಕತೆ ಇನ್ನೊಂದು ಬಗೆಯದು. ಅಲ್ಲಿನ ಕ್ಯೊಂಗ್‌ಬುಕ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಮುಸ್ಲಿಂ ವಿದ್ಯಾರ್ಥಿಗಳು ಪಕ್ಕದ ಬೀದಿಯ ಮನೆಯೊಂದರಲ್ಲಿ ವರ್ಷಗಟ್ಟಲೆ ನಮಾಜು ಮಾಡುತ್ತಿದ್ದರು. ಅಕ್ಕಪಕ್ಕದವರು ತಲೆ ಕೆಡಿಸಿಕೊಂಡಿರಲಿಲ್ಲ. ಅದೇ ಜಾಗದಲ್ಲಿ ಮಸೀದಿ ಕಟ್ಟಲು ಹೊರಟಾಗ 2021ರಲ್ಲಿ ಕೆಲಸ ನಿಂತಿತು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಪರ ನಿಂತ ಮೇಲೂ, ಕಟ್ಟಡದ ಮುಂದೆ ಹಂದಿಯ ತಲೆಗಳನ್ನು ತಂದಿಟ್ಟರು, ಹಂದಿಮಾಂಸ ಸುಟ್ಟು ತಿಂದರು. ಓದು ಮುಗಿಸಿ ಹೊರಟುಹೋಗುವ ಅತಿಥಿಯಾಗಿ ಅವರು ಯಾರಿಗೂ ಭಾರವಾಗಿರಲಿಲ್ಲ. ಇಟ್ಟಿಗೆ ಬಿದ್ದ ದಿನ ನೆರೆಯವರಾದರು. (ಈಶಾನ್ಯದ ಹುಡುಗರಿಗೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿಕೊಟ್ಟ ಅನುಭವ ಇರುವವರು ದೆಗು ಕಡೆ ಬೊಟ್ಟು ಮಾಡುವ ಮೊದಲು ಒಂದು ಗಳಿಗೆ ತಡೆಯುತ್ತಾರೆ.)

ಟಿ.ವಿ.ಯಲ್ಲಿ ಮಾತ್ರ ಹೊರನಾಡಿಗನೆಂದರೆ ಹಬ್ಬ. ಜೆಟಿಬಿಸಿ ವಾಹಿನಿಯಲ್ಲಿ 2014ರಿಂದ 2017ರವರೆಗೆ ನಡೆದ ‘ನಾನ್‌ಸಮ್ಮಿಟ್’ ಎಂಬ ಕಾರ್ಯಕ್ರಮದಲ್ಲಿ ಬೇರೆ ಬೇರೆ ದೇಶದ ಯುವಕರು ಕೂತು ಪಟಪಟನೆ ಕೊರಿಯನ್ನಿನಲ್ಲೇ ವಾದ ಮಾಡುತ್ತಿದ್ದರು. ಸುಲಲಿತವಾಗಿ ಮಾತಾಡುವ, ಕಿಮ್ಚಿ ಮೆಚ್ಚುವ, ಮುಖ ನೋಡಲು ಚೆಂದವಿರುವ ವಿದೇಶಿಯ ಬಗೆಗಿನ ಆ ಅಕ್ಕರೆ ಸುಳ್ಳಲ್ಲ. ಆದರೆ ಆನ್ಸಾನ್ ನಗರದ ವೊಂಗೊಕ್ ಬೀದಿಯಲ್ಲಿ ಪಾಳಿ ಮುಗಿಸಿ ಬರುವವನಿಗೆ ಅದರ ಬಡ್ಡಿಯೂ ಬಂದಿಲ್ಲ.

ಕೊರಿಯಾದ ಹೆಣ್ಣುಮಕ್ಕಳ ಸರಾಸರಿ ಹೆರಿಗೆ ಪ್ರಮಾಣ 2023ರಲ್ಲಿ 0.72ಕ್ಕೆ ಇಳಿದಿತ್ತು. ಇನ್ನು ಹತ್ತು ವರ್ಷಕ್ಕೆ ಹೊರಗಿನ ಕೈಗಳಿಲ್ಲದೆ ಅಲ್ಲಿನ ಎಷ್ಟೋ ಊರುಗಳಲ್ಲಿ ಈರುಳ್ಳಿ ಕೀಳುವವರೂ ಇರುವುದಿಲ್ಲ. ಕೈಗಳನ್ನು ಮಾತ್ರ ಕರೆಸಿಕೊಳ್ಳುವ ಜಾಣತನ ಬಹಳ ದಿನ ನಡೆಯದು. ಬಹುಸಂಸ್ಕೃತಿಯ ಉತ್ಸವ, ಕಿಮ್ಚಿ ಮಾಡುವ ಶಿಬಿರಗಳಿಗೆ ಅಲ್ಲಿನ ಸ್ಥಳೀಯ ಆಡಳಿತಗಳು ಖರ್ಚು ಮಾಡುತ್ತವೆ, ಮಾಡಲಿ. ಕೆಲಸದ ಜಾಗ ಬದಲಿಸುವ ಹಕ್ಕು ಕೊಟ್ಟು, ಆ ಎರಡು ತಿಂಗಳ ಗೇಟು ತೆಗೆದರೆ ಅದಕ್ಕಿಂತ ಹೆಚ್ಚು ಗೆಳೆಯರು ಹುಟ್ಟುತ್ತಾರೆ ಎಂದು ನನ್ನ ಅಂದಾಜು. ನಾಡಿದ್ದು ಹೊರಡುವವನ ಹುಟ್ಟಿದ ಇಸವಿಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಮೇಲೆ ಹೇಳಿದ ಹಲ್ಬರ್ಟ್ ಕೊರಿಯಾಕ್ಕೆ ಬಂದದ್ದು 1886ರಲ್ಲಿ, 23ನೇ ವಯಸ್ಸಿಗೆ, ಅರಮನೆ ನಡೆಸುತ್ತಿದ್ದ ಶಾಲೆಯಲ್ಲಿ ಪಾಠ ಹೇಳಲು. ಬಂದವರು ಹಂಗುಲ್ ಲಿಪಿ ಕಲಿತು ಅದರಲ್ಲೇ ಭೂಗೋಳದ ಪಠ್ಯ ಬರೆದರು. 1895ರಲ್ಲಿ ರಾಣಿಯ ಕೊಲೆಯಾದ ಮೇಲೆ, ಹೆದರಿದ ದೊರೆ ಗೊಜೊಂಗ್‌ನ ಮಲಗುವ ಕೋಣೆಗೆ ರಾತ್ರಿ ಕಾವಲು ಕೂತವರಲ್ಲಿ ಅವರೂ ಒಬ್ಬರು. 1907ರಲ್ಲಿ ಜಪಾನಿನ ಹಿಡಿತದ ವಿರುದ್ಧ ದೊರೆಯ ಪರವಾಗಿ ಹೇಗ್ ಶಾಂತಿ ಸಮ್ಮೇಳನಕ್ಕೆ ಹೋಗಿ ಜಪಾನಿನ ಕೋಪಕ್ಕೆ ಗುರಿಯಾದರು, ಕೊರಿಯಾ ಬಿಡಬೇಕಾಯಿತು. ಸ್ವತಂತ್ರ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರ ಆಹ್ವಾನದ ಮೇಲೆ 1949ರ ಜುಲೈ ಕೊನೆಯಲ್ಲಿ, 86ರ ವಯಸ್ಸಿನಲ್ಲಿ ಮರಳಿ ಬಂದವರು ಒಂದು ವಾರಕ್ಕೆ ತೀರಿಕೊಂಡರು. ಹಾನ್ ನದಿಯ ಪಕ್ಕದ ಯಾಂಗ್‌ಹ್ವಾಜಿನ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಕಲ್ಲಿನ ಮೇಲಿನ ಬರಹವನ್ನು ಅಧ್ಯಕ್ಷರ ಕೈಯಲ್ಲೇ ಬರೆಸಬೇಕೆಂದು ನಡುವೆ ಜಾಗ ಖಾಲಿ ಬಿಟ್ಟಿದ್ದರು. 1999ರಲ್ಲಿ ಆಗಿನ ಅಧ್ಯಕ್ಷ ಕಿಮ್ ದೇ ಜುಂಗ್ ಬರೆದುಕೊಡುವವರೆಗೆ, ಐವತ್ತು ವರ್ಷ, ಆ ಜಾಗ ಹಾಗೇ ಖಾಲಿ ಇತ್ತು.