ಪಾಪಿ ಹೂವು: ಯಾವುದು ಚೆಲುವು, ಯಾವುದು ಅಪಾಯ?

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಡುತ್ತಲೂ ನಮ್ಮ ಊರುಗಳ ಕೈತೋಟಗಳಿಗೆ ಹೊಸ ಕಳೆ ಬರುತ್ತದೆ. ಸೇವಂತಿಗೆ, ಚೆಂಡುಹೂವು, ಡೇಲಿಯಾಗಳ ಜೊತೆಗೆ ಈಚಿನ ವರ್ಷಗಳಲ್ಲಿ ಮತ್ತೊಂದು ಹೂವು ಅಲ್ಲಲ್ಲಿ ತಲೆ ಎತ್ತುತ್ತಿರುವುದನ್ನು ವಾಚಕರು ಗಮನಿಸಿರಬಹುದು. ರೇಷ್ಮೆಯ ವಸ್ತ್ರವನ್ನು ಮುದುಡಿ ಬಿಡಿಸಿದಂತಹ ದಳಗಳು, ಗಾಳಿ ಬೀಸಿದರೆ ಉದುರೀತೇನೋ ಎನ್ನುವಷ್ಟು ಸುಕುಮಾರ. ಇಂಗ್ಲಿಷರು ಅದನ್ನು ಪಾಪಿ ಎಂದು ಕರೆದರು. ಆ ಹೆಸರು ನಮ್ಮ ಕಿವಿಗೆ ಬೇರೆ ಅರ್ಥವನ್ನು ಕೊಡುತ್ತದೆಂಬುದು ನಿಜ. ಆದರೆ ಈ ಕುಲದಲ್ಲಿ ಎಲ್ಲವೂ ಪಾಪಿಗಳಲ್ಲ, ಎಲ್ಲವೂ ನಿರಪರಾಧಿಗಳೂ ಅಲ್ಲ. ಯಾವುದು ಯಾವುದೆಂದು ತಿಳಿಯದೆ ಬೆಳೆಸಹೊರಟರೆ ಏನಾದೀತೆಂಬುದನ್ನು ನಾವು ಸ್ವಂತ ಅನುಭವದಿಂದಲೇ ಕಲಿತೆವು.

ಕೆಲವು ವರ್ಷಗಳ ಹಿಂದಿನ ಮಾತು. ದೀಪಾವಳಿಗೆ ಕರ್ಚಿಕಾಯಿ ಮಾಡಲೆಂದು ತಂದ ಗಸಗಸೆಯಲ್ಲಿ ಒಂದು ಹಿಡಿಯಷ್ಟು ಉಳಿದಿತ್ತು. ಹಳೆಯದಾಯಿತೆಂದು ನಮ್ಮ ಮನೆಯವರು ಅದನ್ನು ಹಿತ್ತಲಿನ ದಾಸವಾಳದ ಬುಡಕ್ಕೆ ಚೆಲ್ಲಿದರು. ತಿಂಗಳೊಪ್ಪತ್ತಿನಲ್ಲಿ ಅಲ್ಲಿ ಬೂದಿ ಬಣ್ಣದ ಸಸಿಗಳು ಎದ್ದವು, ಸಂಕ್ರಾಂತಿಯ ಹೊತ್ತಿಗೆ ಸೊಂಟದೆತ್ತರ ಬೆಳೆದು ಬಿಳಿಯ ಮತ್ತು ತಿಳಿನೇರಳೆಯ ಹೂವುಗಳನ್ನು ಬಿಟ್ಟವು. ಓಣಿಯವರೆಲ್ಲ ಬಂದು ನೋಡಿ ಹೊಗಳಿದರು. ಡಬ್ಬಿಯ ತಳದಲ್ಲಿ ಉಳಿದಿದ್ದ ನಾಲ್ಕು ಕಾಳನ್ನು ಮೂರು ಮನೆಗಳವರು ಬೇಡಿ ಒಯ್ದಿದ್ದರು, ಅವರ ಅಂಗಳದಲ್ಲಿಯೂ ಸಸಿಗಳು ಏಳುತ್ತಿದ್ದವು.

ಆ ಸಮಯಕ್ಕೆ ಸರಿಯಾಗಿ, ಸಸ್ಯಶಾಸ್ತ್ರದ ಅಧ್ಯಾಪಕರಾಗಿ ನಿವೃತ್ತರಾದ ನಮ್ಮ ಮನೆಯವರ ಕಾಕಾ ಊರಿಗೆ ಬಂದರು. ಹಿತ್ತಲಿಗೆ ಹೋದವರು ಚಹಾ ಆರಿದರೂ ಒಳಗೆ ಬರಲಿಲ್ಲ.

"ಏನವ್ವಾ, ಈ ಬೀಜ ಎಲ್ಲಿಂದ ತಂದಿ?" ಎಂದು ಕೇಳಿದರು.

"ತಂದಿಲ್ಲ ಕಾಕಾ, ಅಡಿಗೆಮನೀ ಡಬ್ಬಿಯೊಳಗಿನ ಗಸಗಸಿ."

"ಹೌದು, ಗಸಗಸಿ ಗಿಡಾನೇ ಇದು. ಅಫೀಮು ಬರೋದೂ ಇದರ ಕಾಯಿಯಿಂದಲೇ. ಸರಕಾರದ ಲೈಸೆನ್ಸ್ ಇಲ್ಲದೆ ಒಂದು ಗಿಡಾನೂ ಬೆಳೆಸಬಾರದವ್ವಾ."

ನಮಗೆ ನಿಂತಲ್ಲಿಯೇ ಬೆವರು ಬಂದಿತು. ನಮ್ಮ ಗಿಡಗಳನ್ನು ಅವರ ಎದುರಿನಲ್ಲಿಯೇ ಬೇರುಸಹಿತ ಕಿತ್ತು ಹೂತುಹಾಕಿದೆವು. ಆದರೆ ಕೊಟ್ಟ ಬೀಜದ ಗತಿಯೇನು? ಸುಮ್ಮನಿದ್ದುಬಿಡೋಣ, ಯಾರಿಗೆ ಗೊತ್ತಾಗುತ್ತದೆ ಎಂದು ಒಂದು ಗಳಿಗೆ ನಮ್ಮ ಮನಸ್ಸು ಹಿಂಜರಿದುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆ ಮೂರು ಮನೆಗಳಲ್ಲಿ ಒಂದರ ಮಗ ಸರಕಾರಿ ನೌಕರಿಯ ಪರೀಕ್ಷೆ ಪಾಸು ಮಾಡಿ ನೇಮಕದ ಪತ್ರಕ್ಕಾಗಿ ಕಾಯುತ್ತಿದ್ದ. ನಮ್ಮ ಅಜ್ಞಾನದಿಂದ ಆ ಹುಡುಗನ ಮನೆಯ ಮೇಲೆ ಒಂದು ಮೊಕದ್ದಮೆ ಬಿದ್ದರೆ? ಅಂದು ಸಂಜೆಯೇ ನಾವಿಬ್ಬರೂ ಮೂರು ಮನೆಗಳಿಗೂ ಹೋಗಿ ನಡೆದುದನ್ನು ಹೇಳಿದೆವು. ಇಬ್ಬರು ಕೂಡಲೇ ಕಿತ್ತರು. ಮೂರನೆಯ ಮನೆಯ ದೊಡ್ಡವ್ವನವರು ಮಾತ್ರ, "ನಿಮ್ಮ ಗಿಡ ಹೋದುವಂತ ನಮ್ಮವೂ ಹೋಗಬೇಕೇನು?" ಎಂದು ಮುಖ ತಿರುಗಿಸಿದರು. ಮರುದಿನ ಕಾಕಾ ತಾವೇ ಹೋಗಿ ಗಿಡದ ಲಕ್ಷಣಗಳನ್ನು ಒಂದೊಂದಾಗಿ ತೋರಿಸಿ ತಿಳಿಹೇಳಿದ ಮೇಲೆಯೇ ಅವರು ಒಪ್ಪಿದರು. ಅಂದು ಅವರು ತೋರಿಸಿದ ಲಕ್ಷಣಗಳನ್ನೂ ಅನಂತರ ನಾವು ಓದಿ ನೋಡಿ ತಿಳಿದುದನ್ನೂ ವಾಚಕರ ಮುಂದೆ ಇಡುತ್ತಿದ್ದೇವೆ.

ಹೂವಿನ ಬಣ್ಣವನ್ನು ನಂಬಬೇಡಿರಿ

ಗಸಗಸೆಯ ಗಿಡದಲ್ಲಿ ಬಿಳಿ, ಗುಲಾಬಿ, ಕೆಂಪು, ನೇರಳೆ ಎಲ್ಲ ಬಣ್ಣದ ಹೂಗಳೂ ಉಂಟು. ಒಂದೇ ಸುತ್ತಿನ ನಾಲ್ಕು ದಳದವೂ ಉಂಟು, ಚೆಂಡಿನಂತೆ ದಳ ತುಂಬಿದವೂ ಉಂಟು. ಆದುದರಿಂದ ಮೊದಲು ನೋಡತಕ್ಕದ್ದು ಎಲೆಯನ್ನು. ಗಸಗಸೆಯ ಎಲೆ ಕೋಸಿನ ಎಲೆಯಂತೆ ಬೂದಿ ಬಳಿದ ನೀಲಿಹಸಿರು, ಮುಟ್ಟಿದರೆ ಮೇಣ ಸವರಿದಂತೆ ನುಣುಪು. ದಂಟಿನ ಮೇಲಿನ ಎಲೆಗಳಿಗೆ ತೊಟ್ಟು ಇರುವುದಿಲ್ಲ. ಎಲೆಯ ಬುಡವೇ ದಂಟನ್ನು ತಬ್ಬಿಕೊಂಡಿರುತ್ತದೆ. ಹೂವಿನ ಕಾವಿನ ಮೇಲೆ ಅಲ್ಲೊಂದು ಇಲ್ಲೊಂದು ಕೂದಲು ಕಂಡರೂ ಗಿಡವು ಒಟ್ಟಿನಲ್ಲಿ ಬೋಳು. ಕಾಯಿ ದೊಡ್ಡದು, ಗುಂಡಗೆ, ತಲೆಯ ಮೇಲೆ ಚಕ್ರದ ಅರಗಳಂತೆ ಗೆರೆಗಳಿರುವ ಚಪ್ಪಟೆಯ ಕಿರೀಟವಿರುತ್ತದೆ. ಒಣಗಿದಾಗ ಕಿರೀಟದ ಕೆಳಗೆ ಸಣ್ಣ ಕಿಂಡಿಗಳು ತೆರೆದು, ಅಲುಗಿದರೆ ಬೀಜ ಚೆಲ್ಲುತ್ತದೆ. ಹಸಿಯ ಕಾಯಿಯನ್ನು ಗೀರಿದರೆ ಒಸರುವ ಬಿಳಿಯ ಹಾಲೇ ಗಾಳಿಗೆ ಕಂದಾಗಿ ಅಫೀಮು ಎನ್ನಿಸುತ್ತದೆ.

ಅಂಗಳದಲ್ಲಿ ಇರಬಹುದಾದ ಬಂಧುಗಳು

ಶರ್ಲಿ ಪಾಪಿ: ಬೀಜದ ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವುದು ಇದು. ಇದರ ಮೂಲ ಯುರೋಪಿನ ಗೋಧಿಯ ಹೊಲಗಳಲ್ಲಿ ಕಳೆಯಾಗಿ ಬೆಳೆಯುವ ಕೆಂಪು ಪಾಪಿ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಸೈನಿಕರ ನೆನಪಿಗೆ ಬ್ರಿಟನ್ನಿನಲ್ಲಿ ಎದೆಗೆ ಸಿಕ್ಕಿಸಿಕೊಳ್ಳುವ ಹೂವು ಅದರದೇ ಪ್ರತಿರೂಪ. ಇಂಗ್ಲೆಂಡಿನ ಶರ್ಲಿ ಎಂಬ ಊರಿನ ಪಾದ್ರಿ ವಿಲಿಯಂ ವಿಲ್ಕ್ಸ್ ಅವರು 1880ರ ಸುಮಾರಿಗೆ ದಳದ ಅಂಚು ಬೆಳ್ಳಗಿದ್ದ ಒಂದು ಹೂವನ್ನು ಕಂಡು, ಅದರ ಬೀಜವನ್ನು ವರ್ಷವರ್ಷವೂ ಆರಿಸಿ ಬಿತ್ತಿ ಈ ತಳಿಯನ್ನು ಪಡೆದರು. ಹೊಲದ ಪಾಪಿಯ ದಳದ ಬುಡದಲ್ಲಿ ಸಾಮಾನ್ಯವಾಗಿ ಕಪ್ಪು ಮಚ್ಚೆ ಇರುತ್ತದೆ, ಶರ್ಲಿಯಲ್ಲಿ ಆ ಜಾಗ ಬಿಳಿ. ಗುರುತು ಸುಲಭ: ಎಲೆ ಅಪ್ಪಟ ಹಸಿರು, ಆಳವಾಗಿ ಸೀಳಿದ್ದು, ದಂಟು, ಮೊಗ್ಗು ಎಲ್ಲಕ್ಕೂ ಒರಟು ಕೂದಲು, ಕಾಯಿ ಬೆರಳ ತುದಿಗಿಂತಲೂ ಚಿಕ್ಕದು, ನುಣುಪು.

ಐಸ್‌ಲ್ಯಾಂಡ್ ಪಾಪಿ: ಹೆಸರು ಐಸ್‌ಲ್ಯಾಂಡಿನದಾದರೂ ಇದರ ತವರು ಉತ್ತರದ ಶೀತಪ್ರದೇಶಗಳಾದ ಸೈಬೀರಿಯಾದ ಕಡೆ. ಎಲೆಗಳೆಲ್ಲ ನೆಲಕ್ಕಂಟಿ ವೃತ್ತಾಕಾರವಾಗಿ ಹರಡಿರುತ್ತವೆ. ಅವುಗಳ ನಡುವಿನಿಂದ ಎಲೆಯೇ ಇಲ್ಲದ, ಕೂದಲುಳ್ಳ ಕಾವು ನೆಟ್ಟಗೆ ಎದ್ದು ತುದಿಯಲ್ಲಿ ಒಂದೇ ಹೂವನ್ನು ಹೊರುತ್ತದೆ. ಹಳದಿ, ಕಿತ್ತಳೆ, ಬಿಳಿ ಇದರ ಮುಖ್ಯ ಬಣ್ಣಗಳು. ನಮ್ಮ ಬಿಸಿಲು ಏರುತ್ತಲೂ ಸೊರಗುತ್ತದೆ.

ಕ್ಯಾಲಿಫೋರ್ನಿಯಾ ಪಾಪಿ: ಇದು ಅದೇ ಕುಟುಂಬದ ಬೇರೆ ಕವಲು. ಎಲೆ ಸಬ್ಬಸಿಗೆಯ ಸೊಪ್ಪಿನಂತೆ ಎಳೆಎಳೆ. ಹೂವು ಹೊಳೆಯುವ ಕಿತ್ತಳೆ. ಮೊಗ್ಗಿನ ಮೇಲಿನ ಮೊನಚು ಟೊಪ್ಪಿಗೆಯನ್ನು ತಳ್ಳಿ ಅರಳುವುದೇ ಇದರ ಸೊಗಸು, ಮಕ್ಕಳಿಗೆ ತೋರಿಸಬೇಕಾದ ನೋಟ. ಮೋಡ ಕವಿದರೆ, ಸಂಜೆಯಾದರೆ ಮುಚ್ಚಿಕೊಳ್ಳುತ್ತದೆ. ಕಾಯಿ ಗುಂಡಗಲ್ಲ, ಸಾಸಿವೆಯ ಕೋಡಿನಂತೆ ಉದ್ದ. ಬಿಳಿಯ ಹಾಲೂ ಇಲ್ಲ. 1903ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ಇದನ್ನು ತನ್ನ ರಾಜ್ಯಪುಷ್ಪವಾಗಿ ಸ್ವೀಕರಿಸಿತು.

ಹಿಮಾಲಯದ ನೀಲಿ ಪಾಪಿಯ ಚಿತ್ರವನ್ನು ಕಂಡು ಮರುಳಾಗಿ ಬೀಜಕ್ಕಾಗಿ ಹಣ ಕಳೆದುಕೊಂಡವರೂ ಇದ್ದಾರೆ. ಭೂತಾನದ ರಾಷ್ಟ್ರಪುಷ್ಪವಾದ ಅದು ಎತ್ತರದ ಬೆಟ್ಟಗಳ ತಂಪನ್ನು ಬಿಟ್ಟು ಬಯಲುಸೀಮೆಗೆ ಇಳಿದು ಬಾಳಲಾರದು.

ಹೆಸರಿನಿಂದ ಮೋಸ ಹೋಗದಿರಿ

ನಮ್ಮ ನಾಡಿನಲ್ಲಿ ಶಾಲೆಯ ಅಂಗಳ, ರಸ್ತೆಯ ಬದಿಗಳಲ್ಲಿ ಗಸಗಸೆ ಮರವೆಂಬುದೊಂದಿದೆ. ಅದರ ಸಿಹಿಯಾದ ಕೆಂಪು ಹಣ್ಣುಗಳನ್ನು ಆರಿಸಿ ತಿನ್ನದ ಮಕ್ಕಳಿಲ್ಲ. ಹಣ್ಣಿನೊಳಗಿನ ಬೀಜ ಗಸಗಸೆಯಂತೆ ಸಣ್ಣಗಿರುವುದರಿಂದ ಬಂದ ಹೆಸರದು. ಅದು ಅಮೆರಿಕದ ಉಷ್ಣವಲಯದಿಂದ ಬಂದ ಮರ, ಪಾಪಿಗೂ ಅಫೀಮಿಗೂ ಅದಕ್ಕೂ ಸಂಬಂಧವಿಲ್ಲ. ಯಾರೂ ಹೆದರಿ ಅದನ್ನು ಕಡಿಯಬಾರದು.

ನಿಜವಾಗಿ ಹೆದರಬೇಕಾದ ಬಂಧು ಇನ್ನೊಂದಿದೆ. ಪಾಳು ಹೊಲ, ರಸ್ತೆಯ ಅಂಚುಗಳಲ್ಲಿ ಹಳದಿ ಹೂ ಬಿಡುವ ಮುಳ್ಳುಗಿಡವನ್ನು ಕೆಲವರು ದತ್ತೂರಿ, ಕೆಲವರು ಅರಿಶಿನ ಉಮ್ಮತ್ತಿ ಎನ್ನುತ್ತಾರೆ. ಎಲೆಯ ಅಂಚಿಗೂ ಕಾಯಿಗೂ ಮುಳ್ಳು, ಎಲೆಯ ನರಗಳಗುಂಟ ಬಿಳಿಯ ಗೆರೆ, ಮುರಿದರೆ ಅರಿಶಿನದಂತಹ ಹಾಲು. ಹೆಸರಿನಲ್ಲಿ ಉಮ್ಮತ್ತಿಯಿದ್ದರೂ ಕಹಳೆಯಾಕಾರದ ಹೂವಿನ ಉಮ್ಮತ್ತಿಯ ಕುಲವಲ್ಲ ಇದು. ಮೆಕ್ಸಿಕೋ ಕಡೆಯಿಂದ ಬಂದ ಪಾಪಿಯ ಕುಟುಂಬದ್ದು. ಇದರ ಕರಿಯ ಬೀಜ ಸಾಸಿವೆಯನ್ನೇ ಹೋಲುತ್ತದೆ. ಬೆರಳಲ್ಲಿ ಹೊರಳಿಸಿ ನೋಡಿದರೆ ಸಾಸಿವೆ ನುಣುಪು, ಇದು ಬಲೆ ಹೆಣೆದಂತೆ ಒರಟು. 1998ರಲ್ಲಿ ದೆಹಲಿಯಲ್ಲಿ ಇದರ ಎಣ್ಣೆ ಬೆರೆತ ಸಾಸಿವೆಯೆಣ್ಣೆಯನ್ನು ಉಂಡ ಸಾವಿರಾರು ಜನ ಕಾಲು ಬಾತು, ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. ಸುಮಾರು 60 ಜನ ಪ್ರಾಣ ಕಳೆದುಕೊಂಡರು. ಹೂವು ಚೆನ್ನಾಗಿದೆಯೆಂದು ಈ ಗಿಡವನ್ನು ಅಂಗಳದಲ್ಲಿ ಉಳಿಸಿಕೊಳ್ಳುವುದು ಸಲ್ಲದು.

ಕಾನೂನು ಏನನ್ನುತ್ತದೆ?

1985ರ ಮಾದಕ ದ್ರವ್ಯಗಳ ಕಾಯಿದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಅಫೀಮಿನ ಗಿಡವನ್ನು ಬೆಳೆಸುವುದು ಅಪರಾಧ. ಹತ್ತು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳ ಗೊತ್ತಾದ ಪ್ರದೇಶಗಳಲ್ಲಿ ಲೈಸೆನ್ಸ್ ಪಡೆದ ರೈತರು ಮಾತ್ರ ಇದನ್ನು ಬೆಳೆಯುತ್ತಾರೆ. ಅವರ ಅಫೀಮು ನೀಮಚ್ ಮತ್ತು ಗಾಜಿಪುರದ ಸರಕಾರಿ ಕಾರ್ಖಾನೆಗಳಿಗೆ ಹೋಗಿ ನೋವು ನೀಗುವ ಔಷಧವಾಗುತ್ತದೆ. ಕ್ಯಾನ್ಸರ್ ರೋಗಿಯ ಸಂಕಟವನ್ನು ತಗ್ಗಿಸುವ ಮಾರ್ಫಿನ್ನಿನ ಮೂಲವೂ ಇದೇ ಹಾಲು ಎಂಬುದನ್ನು ಮರೆಯಬಾರದು.

ಹಾಗಾದರೆ ಅಡಿಗೆಮನೆಯ ಗಸಗಸೆ? ತಾಯಂದಿರು ಗಾಬರಿಯಾಗಬೇಕಿಲ್ಲ. ಕಾಯಿದೆಯು ಬೀಜವನ್ನು ಬೇರೆಯಾಗಿಯೇ ಎಣಿಸಿದೆ. ಪಾಯಸ, ಅಂಟಿನ ಉಂಡೆ, ಕರ್ಚಿಕಾಯಿಗಳಿಗೆ ಅದು ಎಂದಿನಂತೆ ಸಲ್ಲುತ್ತದೆ. ಆದರೆ ಮಕ್ಕಳನ್ನು ನೋಡಲು ದುಬೈಗೋ ಸಿಂಗಪುರಕ್ಕೋ ಹೊರಟವರು ಬುತ್ತಿಯಲ್ಲಿ ಗಸಗಸೆಯನ್ನು ಒಯ್ಯಕೂಡದು. ಅಲ್ಲಿ ಬೀಜಕ್ಕೂ ನಿಷೇಧವಿದೆ.

ಬಿತ್ತುವವರಿಗೆ

ಶರ್ಲಿ ಅಥವಾ ಕ್ಯಾಲಿಫೋರ್ನಿಯಾ ಪಾಪಿಯ ಬೀಜವನ್ನು ಜಾತಿಯ ಹೆಸರು ಅಚ್ಚಾದ ಪೊಟ್ಟಣದಲ್ಲಿಯೇ ಕೊಳ್ಳಿರಿ. ಮಳೆ ನಿಂತ ಮೇಲೆ, ಅಕ್ಟೋಬರ್–ನವೆಂಬರಿನಲ್ಲಿ, ಬಿಸಿಲು ಬೀಳುವ, ನೀರು ನಿಲ್ಲದ ಮಡಿಯಲ್ಲಿ ಬಿತ್ತಬೇಕು. ಬೀಜ ಅತಿ ಸಣ್ಣದಾದುದರಿಂದ ಒಣಮರಳಿನೊಡನೆ ಬೆರೆಸಿ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಜರಡಿ ಹಿಡಿದರೆ ಸಾಕು. ಕಿತ್ತು ನೆಟ್ಟರೆ ತಾಯಿಬೇರಿಗೆ ಪೆಟ್ಟಾಗುವುದು. ಇದ್ದಲ್ಲಿಯೇ ಬೆಳೆಯಬಿಟ್ಟು ಗೇಣಿಗೊಂದರಂತೆ ಉಳಿಸಿ ಮಿಕ್ಕವನ್ನು ತೆಗೆಯಿರಿ. ಯಾರಾದರೂ ಪ್ರೀತಿಯಿಂದ ಕೊಟ್ಟ ಹೆಸರಿಲ್ಲದ ಬೀಜವಾದರೆ, ಸಸಿ ಎದ್ದ ಮೇಲೆ ಎಲೆಯನ್ನು ಮುಟ್ಟಿ ನೋಡಿರಿ. ನುಣುಪಾಗಿ, ಬೂದುಬಣ್ಣವಾಗಿ, ದಂಟನ್ನು ತಬ್ಬಿದ್ದರೆ ಹೂವಿಗಾಗಿ ಕಾಯದೆ ತಿಳಿದವರಿಗೆ ತೋರಿಸಿರಿ.

ನೇಮಕದ ಪತ್ರಕ್ಕಾಗಿ ಕಾಯುತ್ತಿದ್ದ ಆ ಹುಡುಗ ಇಂದು ನೌಕರಿಯಲ್ಲಿದ್ದಾನೆ. ಮುಖ ತಿರುಗಿಸಿದ್ದ ದೊಡ್ಡವ್ವನವರಿಗೆ ಮರುವರ್ಷ ನಾವೇ ಒಂದು ಪೊಟ್ಟಣ ಶರ್ಲಿಯ ಬೀಜ ತಂದುಕೊಟ್ಟೆವು. ಸಸಿ ಏಳುತ್ತಲೂ ಅವರು ನಮ್ಮನ್ನು ಕರೆಕಳುಹಿಸಿ, ಎಲೆಯ ಮೇಲಿನ ಕೂದಲನ್ನು ತಾವೇ ತೋರಿಸಿ, "ಇದು ಚಲೋ ಮನೆತನದ್ದು" ಎಂದರು.